ಬ್ರೌಸರ್ ನುಂಗಿದ ಸೀತಾಫಲದಂಚು

ನನಗೊಂದು ಕೆಟ್ಟ ಚಾಳಿ ಇದೆ. ಯಾವ ಸೀರೆ ಕಂಡರೂ ಮೊದಲು ಅದರ ಒಳಮೈ ತಿರುಗಿಸಿ ನೋಡುತ್ತೇನೆ. ಅಂಗಡಿಯಲ್ಲಾದರೆ ಪರವಾಗಿಲ್ಲ, ಮೇಡಂಗೆ ಕಸುಬು ಗೊತ್ತಿದೆ ಅಂದುಕೊಂಡು ಅಂಗಡಿಯವನು ಸ್ವಲ್ಪ ಹುಷಾರಾಗಿ ಮಾತಾಡುತ್ತಾನೆ. ತೊಂದರೆ ಏನೆಂದರೆ, ಸೀರೆಯೊಳಗೆ ಒಬ್ಬ ಹೆಂಗಸು ಇರುವಾಗಲೂ ನನ್ನ ಕೈ ಸುಮ್ಮನಿರುವುದಿಲ್ಲ. ನಾಯಕನಹಟ್ಟಿಯ ಒಂದು ಮದುವೆಯಲ್ಲಿ, ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಗಂಡಿನ ಕಡೆಯ ಹಿರಿಯಾಕೆಯ ಸೆರಗನ್ನು ಮಗುಚಿ ನೋಡುತ್ತಾ ಮೈಮರೆತುಬಿಟ್ಟಿದ್ದೆ. ಆಕೆ ತುತ್ತು ನಿಲ್ಲಿಸಿ, "ಯಾಕವ್ವ, ಹರಿದೈತಾ?" ಅಂದರು.

"ಇಲ್ಲಮ್ಮ, ನೇಯ್ಗೆ ನೋಡ್ತಿದ್ದೆ."

"ನೇಯ್ಗೆ ಮುಂದ್ಗಡೆ ಐತಲ್ಲ ತಾಯಿ. ಹಿಂದ್ಗಡೆ ಏನ್ ಹುಡುಕ್ತೀಯಾ?"

ಸುತ್ತಲಿದ್ದವರೆಲ್ಲ ನಕ್ಕರು. ನಾನು ತಲೆ ಬಗ್ಗಿಸಿ ಅನ್ನ ಕಲಸಿದೆ. ಆದರೆ ಒಂದು ಮಾತು ನಿಮಗೆ ಮಾತ್ರ ಹೇಳುತ್ತೇನೆ. ಆ ಸೀರೆಯ ಒಳಮೈ ನೋಡುವ ಹಾಗೇ ಇರಲಿಲ್ಲ. ಎಳೆಗಳೆಲ್ಲ ಜೋತಾಡುತ್ತಿದ್ದವು.

ಇದೇ ಚಾಳಿ ಕಂಪ್ಯೂಟರಿಗೂ ಅಂಟಿಕೊಂಡಿದೆ. ಯಾವ ವೆಬ್ ಪುಟ ತೆರೆದರೂ ಮೌಸಿನ ಬಲಗುಂಡಿ ಒತ್ತಿ ಅದರ ಸೋರ್ಸ್ ನೋಡುವವಳು ನಾನು. ಸೋರ್ಸ್ ಅಂದರೆ ಪುಟದ ಹಿಂದಿರುವ ಬರಹ. ಯಾವ ಅಕ್ಷರ ದಪ್ಪ, ಚಿತ್ರ ಎಲ್ಲಿ, ಬಣ್ಣ ಯಾವುದು ಎಂದೆಲ್ಲ ಅಲ್ಲಿ ಬರೆದಿರುತ್ತದೆ. ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿ ಹೊಟ್ಟೆ ಹೊರೆಯುತ್ತೇನೆ. ದೊಡ್ಡ ಪಂಡಿತೆ ಏನಲ್ಲ. ಪ್ರಿಂಟರ್ ಕೆಟ್ಟರೆ ನಾನೂ ಎಲ್ಲರ ಹಾಗೆ ಅದರ ಪಕ್ಕಕ್ಕೆ ಎರಡು ತಟ್ಟುತ್ತೇನೆ. ಆದರೂ ನಮ್ಮ ಬೀದಿಯವರಿಗೆ ನಾನು "ಕಂಪ್ಯೂಟರ್ ಮಿಸ್". ಫೋನ್ ಬಿಸಿಯಾದರೆ, ಗ್ಯಾಸ್ ಬುಕ್ ಆಗದಿದ್ದರೆ, ಟಿವಿ ರಿಮೋಟ್ ಹಟ ಹಿಡಿದರೆ, ಎಲ್ಲವೂ ನನ್ನ ಮನೆ ಬಾಗಿಲಿಗೆ ಬರುತ್ತವೆ.

ಎಣ್ಣೆ ಮಿಲ್ಲುಗಳ ಕಡೆಯಿಂದ ಗಾಳಿ ಬೀಸಿದಾಗ ನಮ್ಮ ಲ್ಯಾಬಿನೊಳಗೆ ಶೇಂಗಾ ಹುರಿದ ವಾಸನೆ ತುಂಬಿಕೊಳ್ಳುತ್ತದೆ. ಮಕ್ಕಳಿಗೆ ಹಸಿವು, ನನಗೂ ಹಸಿವು. ಅಂಥ ಒಂದು ಮಧ್ಯಾಹ್ನ ಗೌರಸಮುದ್ರದ ಹುಡುಗಿ ಮಾರಕ್ಕ ಎದ್ದು ನಿಂತಳು. ಆ ದಿನ ನಾನು ಕೊಟ್ಟಿದ್ದ ಕೆಲಸ ಸುಲಭದ್ದು. ಅಕ್ಷರ ದಪ್ಪ ಮಾಡುವುದು ಹೇಗೆ ಎಂದು ಬೇರೆಯವರಿಗೆ ಕಲಿಸುವ ಒಂದು ಪುಟ ಬರೆಯಬೇಕು. ಮಾರಕ್ಕನ ಪುಟದಲ್ಲಿ "ಅಕ್ಷರ ದಪ್ಪ ಮಾಡಲು ಹೀಗೆ ಬರೆಯಿರಿ" ಅಂತ ಇತ್ತು. ಅದರ ಕೆಳಗೆ ಏನೂ ಇರಲಿಲ್ಲ.

"ಮಿಸ್, ನಾನು ಬರ್ದಿದ್ದೀನಿ. ಅದು ನುಂಗೈತೆ" ಅಂದಳು ಮಾರಕ್ಕ.

ಅವಳು ಹೇಳಿದ್ದು ನಿಜ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನ ಕಥೆಗೆ ಬೇಕು. ವೆಬ್ ಪುಟ ತೋರಿಸುವ ಬ್ರೌಸರ್‌ಗೆ ಒಂದು ಗುರುತು ಕಂಡರೆ ಆಗುವುದಿಲ್ಲ. ಹಕ್ಕಿ ಎಡಕ್ಕೆ ಮುಖ ಮಾಡಿ ಕೂತಾಗ ಅದರ ಕೊಕ್ಕು ಹೇಗೆ ಕಾಣುತ್ತದೋ ಹಾಗಿರುವ ಗುರುತು. ಗಣಿತದಲ್ಲಿ ಅದು "ಚಿಕ್ಕದು". ಆ ಎಡಗೊಕ್ಕಿನ ಹಿಂದೆಯೇ ಇಂಗ್ಲಿಷ್ ಅಕ್ಷರ ಬಂತೋ, ಅಲ್ಲಿಂದ ಬಲಗೊಕ್ಕು ಸಿಗುವ ತನಕ ಇರುವುದೆಲ್ಲ ತನಗೆ ಕೊಟ್ಟ ಅಪ್ಪಣೆ ಅಂತ ಬ್ರೌಸರ್ ತಿಳಿಯುತ್ತದೆ. ಅಪ್ಪಣೆಯನ್ನು ಅದು ಓದಿ ಹೇಳುವುದಿಲ್ಲ, ಮಾಡಿ ತೋರಿಸುತ್ತದೆ. ಗೊತ್ತಿಲ್ಲದ ಅಪ್ಪಣೆಯಾದರೆ ಸದ್ದಿಲ್ಲದೆ ನುಂಗಿಕೊಂಡು ಮುಂದಕ್ಕೆ ಹೋಗುತ್ತದೆ. ಕೊಕ್ಕನ್ನು ಕೊಕ್ಕಾಗಿಯೇ ತೋರಿಸಬೇಕಾದರೆ ಅದರ ಬದಲು ಆಂಪರ್‌ಸ್ಯಾಂಡ್, ಎಲ್, ಟಿ, ಅರ್ಧವಿರಾಮ ಅಂತ ಒಂದು ಮಾರುವೇಷ ಹಾಕಿಸಬೇಕು. ಆಗ ಬ್ರೌಸರ್, ಓಹೋ ಇದು ಬರೀ ತೋರಿಸಕ್ಕೆ ಅಂತ ಅರ್ಥ ಮಾಡಿಕೊಂಡು ಕೊಕ್ಕನ್ನು ಪುಟದ ಮೇಲೆ ಇಡುತ್ತದೆ. ಮಾರಕ್ಕನಿಗೆ ಇದನ್ನೆಲ್ಲ ಹೇಳಿಕೊಟ್ಟು, "ಔಟ್‌ಪುಟ್ ನೋಡ್ದೆ ಎದ್ದು ಬರಬಾರ್ದಮ್ಮ" ಅಂತ ಒಂದು ಬುದ್ಧಿಮಾತನ್ನೂ ಸೇರಿಸಿದೆ. ಆಮೇಲೆ ಸುಮಾರು ವರ್ಷ ಪ್ರತಿ ಹೊಸ ತರಗತಿಗೂ ಅವಳ ಖಾಲಿ ಪುಟದ ಕಥೆ ಹೇಳಿ ನಗಿಸುತ್ತಿದ್ದೆ. ನನಗೆ ಬುದ್ಧಿ ಬಂದದ್ದು ಈಚೆಗೆ.

ನಮ್ಮದು ಮೊಳಕಾಲ್ಮೂರು. ನೇಕಾರರ ಮನೆ. ಒಳಗೆ ತೆಲುಗು, ಹೊರಗೆ ಕನ್ನಡ. ಹೊಸ್ತಿಲು ದಾಟುವಾಗ ನಾಲಿಗೆ ತಾನೇ ಬದಲಾಗುತ್ತಿತ್ತು. ಅಪ್ಪ ಬೇಗ ತೀರಿಕೊಂಡರು. ನನ್ನನ್ನು ಬೆಳೆಸಿದವರು ಅಪ್ಪನ ಅಣ್ಣ, ಅಂದರೆ ದೊಡ್ಡಪ್ಪ. ನಾವು ಕರೆಯುವುದು ಪೆದನಾಯ್ನ ಅಂತ. ಪೆದನಾಯ್ನನ ಮಗ್ಗ ನಡುಮನೆಯ ಪಕ್ಕದ ಕೋಣೆಯಲ್ಲಿತ್ತು. ನೆಲದಲ್ಲಿ ಸೊಂಟದಾಳದ ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಬೇಸಿಗೆಯಲ್ಲಿ ಊರೆಲ್ಲ ಬೆಂದರೂ ಆ ಗುಂಡಿ ಮಾತ್ರ ತಣ್ಣಗಿರುತ್ತಿತ್ತು. ರಜೆಯಲ್ಲಿ ಪೆದನಾಯ್ನ ಊಟಕ್ಕೆ ಎದ್ದರೆ ಸಾಕು, ನಾನು ಅದರೊಳಗೆ ಇಳಿದು ಕೂತುಬಿಡುತ್ತಿದ್ದೆ.

ನಮ್ಮ ಕಡೆಯ ಅಂಚಿನ ಸೀರೆಗೆ ಮೂರು ಲಾಳಿ. ಒಡಲಿಗೆ ಒಂದು, ಎಡದಂಚಿಗೆ ಒಂದು, ಬಲದಂಚಿಗೆ ಒಂದು. ಒಬ್ಬರ ಕೈಗೆ ಮೂರೂ ಎಟುಕುವುದಿಲ್ಲವಲ್ಲ, ಹಾಗಾಗಿ ಬಲಗಡೆ ಇನ್ನೊಬ್ಬರು ಕೂರಬೇಕು. ಸ್ಕೂಲ್ ಬಿಟ್ಟ ಮೇಲೆ ಆ ಇನ್ನೊಬ್ಬಳು ನಾನು. ಪೆದನಾಯ್ನ "ಊಂ" ಅಂದಾಗ ಲಾಳಿ ಎಸೆಯಬೇಕು, ಮತ್ತೆ "ಊಂ" ಅಂದಾಗ ಹಿಡಿಯಬೇಕು. ನನಗೆ ಕಾಣುತ್ತಿದ್ದದ್ದು ಬಲದಂಚು ಮಾತ್ರ, ಅದೂ ನನ್ನ ಮೂಗಿನ ಕೆಳಗಿನ ನಾಲ್ಕು ಬೆರಳಿನಗಲ. ಹೂವೋ ಹಣ್ಣೋ ಏನು ಮೂಡುತ್ತಿದೆ ಅಂತ ತಿಳಿಯುವಷ್ಟರಲ್ಲಿ ನೇಯ್ದ ಭಾಗ ಸುತ್ತಿಕೊಂಡು ಹೋಗುತ್ತಿತ್ತು. ಹಾಗಾಗಿ ಆ ಸೀರೆಗಳನ್ನು ನಾನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು.

ನಮ್ಮ ಮನೆಯ ಅಂಚು ಸೀತಾಫಲದ್ದು. ಪಕ್ಕದ ಗುಡ್ಡದಲ್ಲಿ ಸಿಗುವ ಹಣ್ಣೇ. ಮೈತುಂಬ ಕಣ್ಣು, ಮೇಲೆ ಸಣ್ಣ ತೊಟ್ಟು. ಕಣ್ಣುಗಳ ಸುತ್ತ ಒಂದೊಂದು ಎಳೆ ಜರಿ. ಪೆದನಾಯ್ನನ ತಾತ ಕಟ್ಟಿದ ಅಂಚು ಅದು. ನಮ್ಮೂರಲ್ಲಿ ಬೇರೆ ಯಾರ ಮಗ್ಗದಲ್ಲೂ ಅದು ಇಲ್ಲ. ಅದರ ಲೆಕ್ಕ ಪೆದನಾಯ್ನ ತಾವೇ ಬರೆದುಕೊಂಡ ಒಂದು ಗೆರೆಪುಸ್ತಕದಲ್ಲಿತ್ತು. ಮನೆಗೆ ಯಾರು ಬಂದರೂ ಸೀರೆ ತೋರಿಸುತ್ತಿದ್ದರು, ಹಾಸಿ, ಮಡಚಿ, ಬಿಸಿಲಿಗೆ ಹಿಡಿದು. ಪುಸ್ತಕ ಮಾತ್ರ ಪೆಟ್ಟಿಗೆಯಲ್ಲಿ. ಮಗ್ಗಕ್ಕೆ ಕೂರುವವನ ಕಣ್ಣಿಗೆ ಬಿಟ್ಟು ಇನ್ನೊಬ್ಬರ ಕಣ್ಣಿಗೆ ಅದು ಬೀಳಬಾರದು. ಬಲಗಡೆ ಕೂತು ಲಾಳಿ ಎಸೆಯುವವಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಮನೆಯಲ್ಲಿ ಮಗ್ಗಕ್ಕೆ ಕೂರುವವರೇ ಇಲ್ಲದ ದಿನ ಬಂದರೆ, ಪುಸ್ತಕವನ್ನು ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಬೇಕೆಂಬುದು ನಮ್ಮ ಮನೆತನದ ಕಟ್ಟಳೆ.

ಆ ದಿನ ಬಂತು. ಪೆದನಾಯ್ನನ ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ಚಹಾದ ಲೋಟ ಹಿಡಿದರೆ ತಟ್ಟೆಯೂ ಲೋಟವೂ ಮಾತಾಡಿಕೊಳ್ಳುತ್ತಿದ್ದವು. ಅವರ ಮಗ ಮಗ್ಗಕ್ಕೆ ಕೂತವನಲ್ಲ. ಸೊಸೆ ಸರೋಜ ಬ್ಲೌಸ್ ಹೊಲಿಯುವುದರಲ್ಲಿ ಗಟ್ಟಿಗಿತ್ತಿ. ಅವಳ ಎರಡು ಹೊಲಿಗೆ ಮಷಿನ್‌ಗೆ ಜಾಗ ಬೇಕಿತ್ತು. ಕೇಳಲು ಅವಳು ಹಿಂಜರಿಯುತ್ತಿದ್ದಳು. ಕೊನೆಗೆ ಪೆದನಾಯ್ನನೇ, "ಆ ಕೋಣೆ ತಗಳಮ್ಮ. ಗುಂಡಿ ಮುಚ್ಚಿಸಣ. ಶ್ರಾವಣ ಬರ್ಲಿ" ಅಂದರಂತೆ. ಸರೋಜ ಫೋನಿನಲ್ಲಿ ಹೇಳುತ್ತಾ ಅತ್ತಳು. ನಾನೂ ಅತ್ತೆ. ಆದರೆ ನಾನು ಅತ್ತದ್ದು ಗುಂಡಿಗಲ್ಲ, ಪುಸ್ತಕಕ್ಕೆ. ಇಷ್ಟು ವರ್ಷ ಬಲಗಡೆ ಕೂತು ಕೇಳಿದ್ದರ ಲೆಕ್ಕವನ್ನು ಒಂದು ಸಲವೂ ನೋಡದೆಯೇ ಅದು ಮಣ್ಣಿಗೆ ಹೋಗುತ್ತದಲ್ಲ ಎಂಬ ಹೊಟ್ಟೆಯುರಿ.

ಮುಂದಿನ ಭಾನುವಾರವೇ ಬಸ್ ಹತ್ತಿದೆ. ತಳಕಿನಲ್ಲಿ ಬಸ್ಸು ನಿಂತಾಗ ಮಂಡಕ್ಕಿ ಕಟ್ಟಿಸಿಕೊಂಡು, ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡೆ. ಚಿಕ್ಕಂದಿನಲ್ಲಿ ನಮ್ಮನ್ನು ಸ್ಕೂಲಿನವರು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ಹಳೆ ಕಾಲದ ರಾಜನೊಬ್ಬ ಕೆತ್ತಿಸಿದ ಬರಹ ಅಲ್ಲಿನ ಬಂಡೆಯ ಮೇಲಿದೆ. "ಏನ್ ಬರ್ದೈತೆ ಸಾರ್?" ಅಂತ ನಾವು ಕೇಳಿದರೆ ಮೇಷ್ಟ್ರು, "ಓದಕ್ಕೆ ಬರಲ್ಲ, ಸುಮ್ನೆ ನೋಡ್ಕಳ್ರಿ" ಅಂದಿದ್ದರು. ನಾವು ನೋಡಿಕೊಂಡು, ಬಂಡೆ ನೆರಳಲ್ಲಿ ಚಿತ್ರಾನ್ನ ತಿಂದು ಬಂದೆವು. ಈ ಬಂಡೆಯನ್ನೇ ಪೆದನಾಯ್ನನ ಮುಂದೆ ಇಟ್ಟೆ.

"ಆ ರಾಜ ಎಲ್ಲಾರ್ಗೂ ಕಾಣ್ಲಿ ಅಂತ ಬಂಡೆ ಮೇಲೆ ಬರೆಸ್ಲಿಲ್ವಾ? ಓದೋರು ಇಲ್ದಿದ್ರೂ ಉಳೀತು. ನಿಮ್ಮ ಪುಸ್ತಕಾನೂ ಹಂಗೇ ವೆಬ್ ಪುಟದ ಮೇಲೆ ಇಡ್ತೀನಿ ಪೆದನಾಯ್ನ. ಬರೆದಿದ್ದನ್ನ ಬರೆದ ಹಾಗೆ."

"ಆ ರಾಜಂಗೆ ಏನಮ್ಮಾ ಭಯ. ಅವ್ನ ಅಂಚು ಕದಿಯಕ್ಕೆ ಪಕ್ಕದ ಬೀದಿಯೋರು ಇದ್ರಾ?"

"ಈಗ ಕದಿಯೋರಾದ್ರೂ ಯಾರಿದ್ದಾರೆ, ಹೇಳ್ರಿ."

ಈ ಮಾತು ಆಡಬಾರದಿತ್ತು. ಪೆದನಾಯ್ನ ತಮ್ಮ ಕೈಯನ್ನೇ ನೋಡಿಕೊಂಡು ಕರಾರು ಹಾಕಿದರು. ಪುಸ್ತಕದ ಫೋಟೋ ತೆಗೆಯುವಂತಿಲ್ಲ. ಅದನ್ನು ನನ್ನ ಕೈಗೆ ಕೊಡುವುದಿಲ್ಲ. ಅವರು ಓದುತ್ತಾರೆ, ನಾನು ಎದುರಿಗೆ ಕೂತು ಬರೆದುಕೊಳ್ಳಬೇಕು. ಗುಂಡಿ ಮುಚ್ಚುವ ದಿನ ಅವರ ಕಣ್ಣಿಗೆ ಆ ಪುಟ ಕಾಣಬೇಕು. ಕಂಡು ಅವರಿಗೆ ಒಪ್ಪಿಗೆಯಾದರೆ ಉಂಟು, ಇಲ್ಲದಿದ್ದರೆ ನಾನು ಬರೆದದ್ದನ್ನೂ ಅಳಿಸಬೇಕು.

"ಅಳಿಸ್ತೀನಿ" ಅಂತ ಮಾತು ಕೊಟ್ಟೆ.

ಹೀಗೆ ನಾಲ್ಕು ತಿಂಗಳ ಭಾನುವಾರಗಳು ಹೋದವು. ಅವರು ಮಂಚದ ಮೇಲೆ ಪುಸ್ತಕವನ್ನು ಎದೆಗೆ ಆನಿಸಿ ಹಿಡಿದು ಕೂರುವರು, ಇಸ್ಪೀಟು ಹಿಡಿದವರ ಹಾಗೆ. ನಾನು ಕೆಳಗೆ ಚಾಪೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆರಳಾಡಿಸುವೆ. ಪೆದನಾಯ್ನನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಏಳು ಅಕ್ಷರ. ಬಣ್ಣ ಹಾಕುವವರು ರೇಷ್ಮೆಯ ಗಂಟಿಗೆ ಕಟ್ಟುತ್ತಿದ್ದ ಚೀಟಿಗಳಿಂದ ಕಲಿತವು. ಆರ್ ಅಂದರೆ ಕೆಂಪು, ಜಿ ಅಂದರೆ ಹಸಿರು, ಝಡ್ ಅಂದರೆ ಜರಿ, ಹೀಗೆ. ಲೆಕ್ಕವನ್ನೂ ಆ ಅಕ್ಷರಗಳಲ್ಲೇ ಬರೆದಿದ್ದರು. ಲಾಳಿ ಎಡಕ್ಕೆ ಹೊರಟಿತು ಅನ್ನುವುದಕ್ಕೆ ಒಂದು ಎಡಗೊಕ್ಕು. ಆಮೇಲೆ ಆರ್ ನಾಲ್ಕು, ಝಡ್ ಎರಡು, ಆರ್ ನಾಲ್ಕು ಅಂತ ಎಳೆಗಳ ಎಣಿಕೆ. ಲಾಳಿ ಮರಳಿತು ಅನ್ನುವುದಕ್ಕೆ ಒಂದು ಬಲಗೊಕ್ಕು. ಅಲ್ಲಿಗೆ ಒಂದು ಸಾಲು. ಇಂಥ ನಲವತ್ತೊಂದು ಸಾಲಿಗೆ ಒಂದು ಹಣ್ಣು.

ಸಾಲುಗಳ ನಡುವೆ ಅಲ್ಲಲ್ಲಿ ಕನ್ನಡದಲ್ಲಿ ತಮಗೆ ತಾವೇ ಹೇಳಿಕೊಂಡ ಮಾತುಗಳೂ ಇದ್ದವು. "ಇಲ್ಲಿ ನಿಧಾನ." "ಎಡಗಡೆ ಬಿಗಿ." "ಸಾಕು, ಎದ್ದು ಓಡಾಡು." ಅವನ್ನೂ ಬರೆದುಕೊಂಡೆ. ಒಂದು ಭಾನುವಾರ ಇಪ್ಪತ್ತೆರಡನೇ ಸಾಲು ಮುಗಿಸಿ ಪೆದನಾಯ್ನ ಅದೇ ದನಿಯಲ್ಲಿ, "ವನಜ ತೂಕಡಿಸ್ತಾಳೆ, ಕೂಗು" ಅಂದರು.

ನಾನು ಬೆಚ್ಚಿ ತಲೆಯೆತ್ತಿದೆ. "ನಾನೆಲ್ಲಿ ತೂಕಡಿಸ್ತಿದ್ದೀನಿ?"

"ಈಗಲ್ಲಮ್ಮಾಯ್. ಪುಸ್ತಕದಾಗೆ ಬರ್ದೈತೆ. ಈ ಸಾಲಿಗೆ ಬಂದ್ರೆ ನೀನು ನಿದ್ದೆ ಹೋಗ್ತಿದ್ದೆ, ದಿನಾ."

ಅಷ್ಟು ಗುಟ್ಟಿನ ಪುಸ್ತಕದಲ್ಲಿ ನನ್ನ ಹೆಸರೂ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಕಣ್ಣು ಮಂಜಾಗಿ ಆ ಸಾಲನ್ನು ಎರಡು ಸಲ ತಪ್ಪು ಒತ್ತಿದೆ.

ಪುಟ ಸಿದ್ಧವಾಯಿತು. ಮೇಲೆ ಪೆದನಾಯ್ನ ನೇಯ್ದಿದ್ದ ನಮ್ಮವ್ವನ ಸೀತಾಫಲದಂಚಿನ ಸೀರೆಯ ಫೋಟೋ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು, ಅದರ ಕೆಳಗೆ ನಲವತ್ತೊಂದು ಸಾಲು. ಗುಂಡಿ ಮುಚ್ಚುವ ಸೋಮವಾರ ಬೆಳಗ್ಗೆ ಕಾಲೇಜಿಗೆ ರಜೆ ಬರೆದು, ಪುಟವನ್ನು ಇಂಟರ್‌ನೆಟ್‌ಗೆ ಏರಿಸಿ, ಫೋನಿನಲ್ಲಿ ತೆರೆದು ನೋಡಿದೆ. ಫೋಟೋ ಚೆನ್ನಾಗಿ ಬಂದಿತ್ತು, ಹೆಸರೂ ಚೆನ್ನಾಗಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ಅಷ್ಟಕ್ಕೇ ಫೋನು ಬ್ಯಾಗಿಗೆ ಹಾಕಿ ಓಡಿದೆ. ಕೆಳಗೆ ಸರಿಸಿ ನೋಡಲಿಲ್ಲ.

ಮೊಳಕಾಲ್ಮೂರಿಗೆ ಹೋಗುವಷ್ಟರಲ್ಲಿ ಮಗ್ಗ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಗುಂಡಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಇಟ್ಟು, ಸರೋಜ ಮಣ್ಣಿನ ಬುಟ್ಟಿಗಳನ್ನು ಸಾಲಾಗಿ ಜೋಡಿಸಿದ್ದಳು. ಪಕ್ಕದ ಮನೆಯ ಈರಣ್ಣ ಬಂದಿದ್ದರು. ಅವರೂ ನೇಕಾರರೇ, ಪೆದನಾಯ್ನನ ವಾರಿಗೆಯವರು. ಪೆದನಾಯ್ನ ಬಿಳಿ ಪಂಚೆ ಉಟ್ಟು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಯ ಅಂಚಿನಲ್ಲಿ ಕೂತಿದ್ದರು. "ತೋರ್ಸಮ್ಮಾ" ಅಂದರು.

ನಾನು ದೊಡ್ಡಸ್ತಿಕೆಯಿಂದ ಫೋನು ತೆರೆದು ಕೊಟ್ಟೆ. ಈರಣ್ಣ ಪಕ್ಕದಿಂದ ಬಗ್ಗಿ ನೋಡಿದರು. ಫೋಟೋ ಕಂಡು ಇಬ್ಬರೂ ತಲೆದೂಗಿದರು. ಪೆದನಾಯ್ನ ನಡುಗುವ ಬೆರಳಿನಿಂದ ಪುಟವನ್ನು ಮೇಲಕ್ಕೆ ತಳ್ಳಿದರು. ಅವರ ಹುಬ್ಬು ಗಂಟಾಯಿತು. ಈರಣ್ಣ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

"ಒಂದು, ಎರಡು, ಮೂರು, ಇಲ್ಲಿ ನಿಧಾನ, ನಾಕು, ಐದು, ಆರು, ಎಡಗಡೆ ಬಿಗಿ... ಸಾಕು ಎದ್ದು ಓಡಾಡು... ವನಜ ತೂಕಡಿಸ್ತಾಳೆ ಕೂಗು... ಏನಪ್ಪಾ ಇದು? ಸೀರೆ ಎಲ್ಲೈತೆ?"

ಫೋನು ಕಿತ್ತುಕೊಂಡು ನೋಡಿದೆ. ಒಂದು ಎಳೆಯೂ ಇರಲಿಲ್ಲ. ಸಾಲಿನ ಸಂಖ್ಯೆ ಮತ್ತು ಆ ಸ್ವಗತಗಳು ಒಂದಕ್ಕೊಂದು ಅಂಟಿಕೊಂಡು ಉಳಿದಿದ್ದವು. ಕೊಕ್ಕಿನ ಹಿಂದೆ ಅಕ್ಷರ, ಎಣಿಕೆ, ಮತ್ತೆ ಕೊಕ್ಕು. ಪೆದನಾಯ್ನನ ಒಂದೊಂದು ಸಾಲನ್ನೂ ಬ್ರೌಸರ್ ತನಗೆ ಕೊಟ್ಟ ಅಪ್ಪಣೆ ಅಂತ ತಿಳಿದು, ಅರ್ಥವಾಗದೆ ನುಂಗಿತ್ತು. ಔಟ್‌ಪುಟ್ ನೋಡದೆ ಎದ್ದು ಬರಬಾರದು ಅಂತ ಮಾರಕ್ಕನಿಗೆ ಹೇಳಿದ್ದ ಮಹಾತಾಯಿ ಬಸ್ಸು ತಪ್ಪುತ್ತದೆ ಅಂತ ಎದ್ದು ಬಂದಿದ್ದಳು.

ಈರಣ್ಣ ನಗುತ್ತಿದ್ದರು. ಪೆದನಾಯ್ನ ನಗಲಿಲ್ಲ. ಅವರ ಮುಖ ಇಳಿದುಹೋಗಿತ್ತು.

"ನೋಡಿದ್ಯಾ" ಅಂದರು ಮೆತ್ತಗೆ. "ತಾತನ ಅಂಚು. ಕಾಣಿಸ್ಕಳ್ಳಲ್ಲ ಅಂತೈತೆ. ನಾನೇ ಆಸೆ ಬಿದ್ದೆ. ಬ್ಯಾಡಮ್ಮಾ, ಅಳಿಸಿಬಿಡು."

"ಪೆದನಾಯ್ನ, ಇದು ನನ್ನ ತಪ್ಪು. ಅಂಚಿಂದಲ್ಲ."

"ಮಾತು ಕೊಟ್ಟಿದ್ದೆ ನೀನು."

ಹೌದು, ಕೊಟ್ಟಿದ್ದೆ. ಅವರು ಪುಸ್ತಕ ಹಿಡಿದು ಗುಂಡಿಯ ಕಡೆ ತಿರುಗಿದರು. ಸರೋಜ ಬುಟ್ಟಿಗೆ ಕೈ ಹಾಕಿದವಳು ನನ್ನ ಮುಖ ನೋಡಿ ನಿಂತಳು. "ಮಾವಯ್ಯ, ಮಣ್ಣೇನು ಓಡಿ ಹೋಗಲ್ಲ. ಒಂದರ್ಧ ಗಂಟೆ ತಡೀರಿ. ಚಹಾ ಮಾಡ್ತೀನಿ" ಅಂದಳು. ಆ ಸೊಸೆಗೆ ನಾನು ಜನ್ಮವಿಡೀ ಋಣಿ.

ಲ್ಯಾಪ್‌ಟಾಪ್ ತೆಗೆದು, ಅದೇ ಖಾಲಿ ಪುಟ ತೆರೆದು, ಪೆದನಾಯ್ನನ ಪಕ್ಕ ನೆಲದ ಮೇಲೆ ಕೂತೆ. ಬಲಗುಂಡಿ ಒತ್ತಿ ಸೋರ್ಸ್ ತೆರೆದೆ. ನಲವತ್ತೊಂದು ಸಾಲೂ ಅಲ್ಲಿದ್ದವು, ಒಂದರ ಕೆಳಗೊಂದು, ಕೊಕ್ಕುಗಳ ಸಮೇತ.

"ನೋಡ್ರಿ, ಎಲ್ಲೂ ಹೋಗಿಲ್ಲ. ಒಳಮೈಯಲ್ಲಿ ಐತೆ. ನಾವು ತೋರ್ಸು ಅಂದ್ವಿ. ಇದು ಕೊಕ್ಕು ಕಂಡ ತಕ್ಷಣ, ನಂಗೆ ಕೆಲಸ ಹೇಳ್ತಿದ್ದಾರೆ ಅಂತ ತಿಳ್ಕಂಡು ಮಾಡಕ್ಕೆ ಹೋಗೈತೆ."

ಪೆದನಾಯ್ನ ಪರದೆಯನ್ನೇ ದಿಟ್ಟಿಸಿದರು. "ಅಂದ್ರೆ, ನೇಯಕ್ಕೆ ಕೂತಿತ್ತಾ?"

"ಹೂಂ. ನೇಯಕ್ಕೆ ಕೂತಿತ್ತು."

"ಎಳೆ ಇಲ್ದೆ?"

"ಎಳೆ ಇಲ್ದೆ."

"ಥೂ ಪಿಚ್ಚಿದಾನ" ಅಂದರು ಪರದೆಗೆ, ತೆಲುಗಿನಲ್ಲಿ, ಹುಚ್ಚು ಹುಡುಗಿಯನ್ನು ಬೈಯುವ ಹಾಗೆ. ಬೈದ ಮೇಲೆ ಅವರ ತುಟಿ ಸ್ವಲ್ಪ ಸಡಿಲವಾಯಿತು. ಅಳಿಸು ಅಂತ ಮತ್ತೆ ಹೇಳಲಿಲ್ಲ. ಅಷ್ಟೇ ಸಾಕೆಂದು ನಾನು ಕೆಲಸಕ್ಕಿಳಿದೆ. ಎಡಗೊಕ್ಕುಗಳಿಗೆಲ್ಲ ಮಾರುವೇಷ ಹಾಕಿಸಿದೆ. ಸಾಲು ಮುರಿಯಬೇಡ, ಖಾಲಿ ಜಾಗ ಮುಟ್ಟಬೇಡ, ಬರೆದಿದ್ದನ್ನು ಬರೆದ ಹಾಗೆ ಬಿಡು ಎಂಬ ಇನ್ನೊಂದು ಅಪ್ಪಣೆಯನ್ನು ಮೊದಲಿಗೆ ಕೊಟ್ಟೆ. ಒಳಗೆ ಸಿಗ್ನಲ್ ಇರಲಿಲ್ಲ. ಲ್ಯಾಪ್‌ಟಾಪ್ ಹೊತ್ತು ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ಪಕ್ಕ ನಿಂತು ಪುಟ ಏರಿಸಿದೆ. ಈ ಸಲ ಕೆಳತುದಿಯ ತನಕ ಮೂರು ಸಲ ಸರಿಸಿ ನೋಡಿದೆ, ದೇವರಾಣೆ.

ಕೆಳಗಿಳಿದು ಬಂದು ಪೆದನಾಯ್ನನ ಮುಂದೆ ಇಟ್ಟೆ. ಅವರು ಒಂದನೇ ಸಾಲಿಗೆ ಬೆರಳಿಟ್ಟರು. ಓದಲು ಶುರು ಮಾಡಿದರು, ಬಾಯಿ ಬಿಡದೆ. ಸಾಲು ಮುಗಿದಾಗಲೆಲ್ಲ ಗಂಟಲಿನಿಂದ ಒಂದು "ಊಂ". ಅವರು ಗುಂಡಿಯಲ್ಲಿ ಕಾಲು ಇಳಿಬಿಟ್ಟೇ ಕೂತಿದ್ದರು. ಮಗ್ಗವಿಲ್ಲ, ತುಳಿಯುವ ಹಲಗೆಯಿಲ್ಲ, ಆದರೂ ಪಾದಗಳು ಒಂದಾದ ಮೇಲೊಂದು ಒತ್ತುತ್ತಿದ್ದವು. ಈರಣ್ಣನ ನಗು ನಿಂತಿತು. ಅವರು ಎದ್ದು, ಇದು ನಾನು ನೋಡುವಂಥದ್ದಲ್ಲ ಅನ್ನುವ ಹಾಗೆ ಬಾಗಿಲ ಕಡೆ ಮುಖ ಮಾಡಿ ನಿಂತರು. ಕಸುಬಿನವರ ಮರ್ಯಾದೆ ಅದು.

ನಾನು ಅವರ ಬಲಗಡೆ ಕೂತಿದ್ದೆ. ಮೊದಲ ಸಲ ಅಂಚಿನ ಲೆಕ್ಕ ಪೂರ್ತಿ, ಒಂದೇ ನೋಟಕ್ಕೆ, ನನ್ನ ಕಣ್ಣ ಮುಂದಿತ್ತು. ಅಕ್ಷರಗಳನ್ನೇ ಸ್ವಲ್ಪ ದೂರದಿಂದ ನೋಡಿದರೆ ಝಡ್‌ಗಳು ಕಣ್ಣುಕಣ್ಣಾಗಿ ಹಣ್ಣಿನ ಮೈ ತೋರುತ್ತಿದ್ದವು.

ಇಪ್ಪತ್ತೊಂಬತ್ತನೇ ಸಾಲಿನಲ್ಲಿ ಬೆರಳು ನಿಂತಿತು. "ಊಂ" ಬರಲಿಲ್ಲ. ಪಾದವೂ ನಿಂತಿತು.

"ಏನಾಯ್ತು ಪೆದನಾಯ್ನ?"

"ಇದು ತಪ್ಪು."

"ನೀವು ಹೇಳಿದ್ದನ್ನೇ ಒತ್ತಿದ್ದೀನಿ. ಆರ್ ಐದು ಅಂದ್ರಿ. ಎರಡು ಸಲ ಕೇಳಿದ್ದೆ."

"ಹೂಂ. ನಾನೇ ಹೇಳಿದ್ದು. ಬೇಕಂತಲೇ ತಪ್ಪು ಹೇಳಿದ್ದೆ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಇಪ್ಪತ್ತೊಂಬತ್ತು ಅಂದರೆ ಹಣ್ಣಿನ ಎರಡು ಭುಜಗಳು ಕೂಡುವ ಸಾಲು. ಅಲ್ಲಿ ಎರಡು ಎಳೆ ಹೆಚ್ಚಾದರೆ ಮೇಲೆ ಬರುವುದೆಲ್ಲ ಸರಿದು, ಹಣ್ಣು ಬಿರುಕು ಬಿಟ್ಟ ಹಾಗೆ ಕಾಣುತ್ತದೆ. ಆ ಪುಟ ನೋಡಿಕೊಂಡು ಯಾರೇ ನೇಯ್ದಿದ್ದರೂ ಸಿಗುತ್ತಿದ್ದದ್ದು ಒಡೆದ ಸೀತಾಫಲ. ನಾಲ್ಕು ತಿಂಗಳು, ಅಷ್ಟು ಭಾನುವಾರ, ಅವರ ಕಾಲ ಬುಡದಲ್ಲಿ ಚಾಪೆಯ ಮೇಲೆ ಕೂತು ಒತ್ತಿದ್ದೇನೆ. ಅಷ್ಟೂ ದಿನ ಅವರು ನನ್ನನ್ನು ನಂಬಿರಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು.

"ನಾನೂ ಹೊರಗಿನೋಳಾ ಪೆದನಾಯ್ನ?" ಅಂದೆ.

ಅವರು ನನ್ನ ಕಡೆ ನೋಡಲಿಲ್ಲ. ಪರದೆಯನ್ನೇ ನೋಡುತ್ತಾ ಹೇಳಿದರು. "ನಮ್ಮಪ್ಪ ನಂಗೆ ಹೇಳ್ಕೊಟ್ಟಾಗ್ಲೂ ಈ ಸಾಲು ಕೊಟ್ಟಿರ್ಲಿಲ್ಲ. ಮೂರು ವರ್ಷ ಒಡೆದ ಹಣ್ಣು ನೇಯ್ಸಿದ. ಆಮ್ಯಾಗೆ ಒಂದಿನ ಕೊಟ್ಟ. ನೀನು ಕೇಳಿದಾಗ ನಂಗೂ ಕೈ ಬರ್ಲಿಲ್ಲಮ್ಮಾ. ಬಚ್ಚಿಟ್ಟೆ. ಕಾಣದಂಗೆ ಇದ್ದಿದ್ರೆ ಹಂಗೇ ಇರ್ತಿತ್ತು. ಈಗ ಎಲ್ಲಾ ಸಾಲೂ ಬಿಸಿಲಾಗೆ ಹರವಿದಂಗೆ ಐತೆ, ಇದೊಂದೇ ನನ್ನ ಕಣ್ಣಿಗೆ ಚುಚ್ತೈತೆ. ನಾಳೆ ಯಾವನೋ ಇದನ್ನ ನೇಯ್ತಾನೆ. ಹಣ್ಣು ಒಡೀತದೆ. ಮೊಳಕಾಲ್ಮೂರಿನ ಮುದುಕಂಗೆ ನೇಯ್ಗೆ ಬರ್ತಿರ್ಲಿಲ್ಲ ಅಂತಾನೆ."

ಸರೋಜ ಚಹಾ ತಂದವಳು ಬಾಗಿಲಲ್ಲೇ ನಿಂತಳು.

"ತಿದ್ದು" ಅಂದರು ಪೆದನಾಯ್ನ. "ಐದಲ್ಲ, ಮೂರು. ಆರ್ ಮೂರು. ಅದ್ರ ಪಕ್ಕ ಝಡ್ ಒಂದು. ಮತ್ತೆ ಆರ್ ಮೂರು. ಬರ್ದ್ಯಾ?"

"ಬರ್ದೆ."

"ಓದು."

ಓದಿದೆ. ಅವರು "ಊಂ" ಅಂದರು. ಮುಂದಿನ ಸಾಲಿಗೆ ಬೆರಳು ಸರಿಸಿದರು. ಮೂವತ್ತು, ಮೂವತ್ತೊಂದು, ಹಾಗೆ ನಲವತ್ತೊಂದರ ತನಕ ಎಲ್ಲೂ ನಿಲ್ಲಲಿಲ್ಲ. ನಾನು ಮತ್ತೆ ಮಾಳಿಗೆ ಹತ್ತಿ, ತಿದ್ದಿದ ಪುಟ ಏರಿಸಿ, ನೋಡಿ, ಇಳಿದು ಬಂದೆ.

ಪೆದನಾಯ್ನ ಗುಂಡಿಯಿಂದ ಕಾಲು ಮೇಲೆ ತೆಗೆದುಕೊಂಡು ಗೋಡೆಗೆ ಒರಗಿ ಕೂತಿದ್ದರು. ಚಹಾ ಕುಡಿದಿದ್ದರು. ತೊಡೆಯ ಮೇಲಿದ್ದ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದರು. ಕೈ ನಡುಗುತ್ತಿತ್ತು, ಪುಸ್ತಕವೂ ನಡುಗುತ್ತಿತ್ತು.

"ನಂಗೆ ಬಗ್ಗಕ್ಕಾಗಲ್ಲ. ನೀನೇ ಇಳ್ಸು" ಅಂದು, ಕಣ್ಣು ಮುಚ್ಚಿಕೊಂಡರು.

ಹುಟ್ಟಿದಾಗಿನಿಂದ ಅದೇ ಮನೆಯಲ್ಲಿ ಬೆಳೆದೂ ಆ ಪುಸ್ತಕವನ್ನು ನಾನು ಮುಟ್ಟಿದ್ದು ಅದೇ ಮೊದಲು. ರಟ್ಟು ಎಣ್ಣೆಗಟ್ಟಿ ಮೆತ್ತಗಾಗಿತ್ತು. ಈರಣ್ಣ ಬಾಗಿಲ ಕಡೆ ನೋಡುತ್ತಿದ್ದರು, ಸರೋಜ ಬುಟ್ಟಿಯ ಕಡೆ. ಒಂದು ಹಾಳೆ ತಿರುಗಿಸಿದ್ದರೆ ಸಾಕಿತ್ತು, ಉಳಿದ ನಲವತ್ತು ಸಾಲು ನಿಜವೋ ಅಲ್ಲವೋ ತಿಳಿದುಬಿಡುತ್ತಿತ್ತು. ನಾನು ಗುಂಡಿಗೆ ಇಳಿದೆ, ಪುಸ್ತಕವನ್ನು ಮುಚ್ಚಿದ ಹಾಗೆಯೇ ಕೆಳಗಿಟ್ಟೆ, ಮೇಲೆ ಬಂದು ಮೊದಲ ಹಿಡಿ ಮಣ್ಣು ಹಾಕಿದೆ.